ಬಾಕಿ ಎಂಬತ್ತು ರೂಪಾಯಿ

ಏಳೂವರೆ ಅಂತ ಹೆಸರಿಡಬೇಡಿ, ಶನಿ ಹಿಡೀತಾನೆ ಅಂದಿದ್ದೆ.
ನಕ್ಕರು ಇಬ್ಬರೂ. ಹಾಲೇಶಿ ಹಾಡುವವ,
ಸಿಪ್ರಿಯನ್ ಕೀಬೋರ್ಡು. ಆಗ
ಇಬ್ಬರಿಗೂ ಸೇರಿ ಒಂದೇ ಒಳ್ಳೆಯ ಅಂಗಿ.

'ಏಳೂವರೆ ಬಸ್ಸು' ಅಂತೊಂದು ಹಾಡು ಕಟ್ಟಿದ್ದರು,
ಹೊಸನಗರದ ಬಸ್ಸು ತಪ್ಪಿದವಳ ಮೇಲೆ.
ಮದುವೆಮನೆಯಲ್ಲಿ ಅದನ್ನೇ ಮೂರು ಸಲ ಹಾಡಿಸುತ್ತಿದ್ದರು ಜನ.
ಹಾಡಿನ ಹೆಸರೇ ಆರ್ಕೆಸ್ಟ್ರಾಕ್ಕೂ ಆಯಿತು.
ಟೆಂಪೋ ಮೈಮೇಲೆ ಬರೆದವನು ನಾನು,
ಬಿ.ಎಚ್. ರಸ್ತೆ ಪಕ್ಕ, ಮಟಮಟ ಮಧ್ಯಾಹ್ನ,
ಹಳದಿಗೆ ಕೆಂಪು ಅಂಚು.

'ಳೂ' ಬರೆಯುವಾಗ ಹ್ಯಾಂಡ್‌ಬ್ರೇಕು ಸಡಿಲಿತು.
ಗಾಡಿ ಒಂದು ಗೇಣು ಜಾರಿತು,
ಕುಂಚ ಇದ್ದಲ್ಲೇ ಇತ್ತು.
ಕೊಂಬಿಗೊಂದು ಉದ್ದ ಬಾಲ ಬಂತು.
ಒರೆಸಲು ಹೋದರೆ ಹಾಲೇಶಿ ಕೈ ಹಿಡಿದ:
ಬಿಡು ಬುಡೇನಣ್ಣ, ಬಸ್ಸು ಓಡಿದ ಹಾಗಿದೆ.
ದುಡ್ಡು? ನಾಳೆ ಅಂದರು. ಎಂಬತ್ತು.

ಹನ್ನೊಂದು ವರ್ಷದ ಮೇಲೆ ಈಗ ಎರಡು ಟೆಂಪೋ,
ಎರಡರ ಮೇಲೂ ಅದೇ ಬಾಲ,
ಫ್ಲೆಕ್ಸಿನವನು ಫೋಟೋ ಹೊಡೆದು ಹಿಗ್ಗಿಸಿದ್ದು.
ಅಸಲಿ ಏಳೂವರೆ. ಒರಿಜಿನಲ್ ಏಳೂವರೆ.
ನಾನು ಸಾಕ್ಷಿ.

ರಾಜಿಗೆ ಕರೆಸಿದ ವಕೀಲೆ ನಫೀಸಾ ಕನ್ನಡಕ ಒರೆಸುತ್ತ:
ಹಾಡಿಗೆ ಕಾಪಿರೈಟ್ ಉಂಟು, ಅದರ ಹೆಸರಿಗಿಲ್ಲ.
ಎರಡು ಮಾತು ಯಾರಪ್ಪನ ಗಂಟೂ ಅಲ್ಲ.
ಆಗಿದ್ದರೆ ಸ್ಟ್ಯಾಂಡಿನಲ್ಲಿ ದಿನಾ ಕೂಗುವ ಆ ಕಂಡಕ್ಟರು
ನಿಮ್ಮಿಬ್ಬರನ್ನೂ ಎಂದೋ ಒಳಗೆ ಹಾಕಿಸುತ್ತಿದ್ದ.
ಆರ್ಕೆಸ್ಟ್ರಾ ಹೆಸರು ಬೇರೆ, ಅದು ವ್ಯಾಪಾರ, ಟ್ರೇಡ್‌ಮಾರ್ಕಿನ ದಾರಿ.
ಆ ಹೆಸರು ಕೇಳಿದರೆ ಜನಕ್ಕೆ ಯಾರ ಮುಖ ನೆನಪಾಗುತ್ತೆ?
ಇಬ್ಬರೂ ಫ್ಯಾನು ನೋಡಿದರು.

ಆಮೇಲೆ ನನ್ನ ಕಡೆ ತಿರುಗಿ:
ಈ ಬಾಲ ಯಾರದು?
ಕೈ ಜಾರಿದ್ದು, ಮೇಡಂ.
ಜಾರಿದರೂ ಕೈ ನಿಮ್ಮದೇ ತಾನೆ. ದುಡ್ಡು ಕೊಟ್ಟರಾ?
ಇಲ್ಲ.
ಹಾಗಾದರೆ ವಾದಿಸಬಹುದು, ಅಕ್ಷರದ ಚಿತ್ರ ನಿಮ್ಮದು ಅಂತ.

ನಲವತ್ತು ವರ್ಷ ಶಿವಮೊಗ್ಗದ ಗೋಡೆಗೆಲ್ಲ ಬೇರೆಯವರ ಹೆಸರೇ ಬರೆದೆ,
ಬಳೆ ಅಂಗಡಿ, ಹಲ್ಲಿನ ಡಾಕ್ಟರು, ಶವಪೆಟ್ಟಿಗೆ.
ನನ್ನದು ಅಂತ ಮೂಲೆಯಲ್ಲಿ ಕಡಲೆಕಾಳಿನಷ್ಟು 'ಬುಡೇನ್'.
ಈಗ ಒಂದು ಬಾಲ.

ಸಂಜೆ ಹಾಲೇಶಿ ಬಂದ, ಎಂಬತ್ತು ಮುಷ್ಟಿಯಲ್ಲಿ.
ಹತ್ತು ನಿಮಿಷಕ್ಕೆ ಸಿಪ್ರಿಯನ್, ಬಡ್ಡಿ ಸಮೇತ.
ಇದ್ದದ್ದು ಒಂದೇ ಬೆಂಚು.
ಕುಂಚ ಸೀಮೆಎಣ್ಣೆಗೆ ಅದ್ದಿ ಮೂರು ಚಹಾ ಹೇಳಿದೆ.
ಕುಡಿಯುತ್ತ ಹಾಲೇಶಿ ಏನೋ ಗುನುಗಿದ,
ಸಿಪ್ರಿಯನ್ನನ ಬೆರಳು ಹಲಗೆ ಮೇಲೆ ಜೊತೆಗೇ ಓಡಿ
ಗಕ್ಕನೆ ನಿಂತಿತು.
ಬಿಲ್ಲು ನಾನೇ ಕೊಟ್ಟೆ,
ಹುಷಾರಿಗಿರಲಿ ಅಂತ.