ಹದಿನೇಳನೇ ತಾರೀಖಿನ ಕ್ರಿಸ್ಮಸ್

ಕೋರ್ಟಿನ ಕಾಗದದ ಪ್ರಕಾರ
ಈ ಸಲದ ಡಿಸೆಂಬರ್ ಇಪ್ಪತ್ತೈದು ಅವರಪ್ಪನದು.
ಬೆಸ ವರ್ಷ ನನಗೆ, ಸಮ ವರ್ಷ ಅವನಿಗೆ.
ಬೆಸೆದದ್ದು ಬಿಟ್ಟುಹೋದ ಮೇಲೆ
ಉಳಿದದ್ದು ಇಷ್ಟೇ, ಬೆಸ ಮತ್ತು ಸಮ.
ನನ್ನ ಪಾಲಿಗೆ ಬಂದದ್ದು ಹದಿನೇಳು. ಮಂಗಳವಾರ.

ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿಪಾಳಿ ಮುಗಿಸಿ
ಬೂಟು ಕೂಡ ಬಿಚ್ಚದೆ ಮೇಜಿಗೆ ಕೂತಿದ್ದೇನೆ.
ಹೊರಗೆ ಟೊಲಿಡೊದ ಮೊದಲ ಹಿಮ
ಬಿದ್ದು, ಕೊಳೆಯಾಗಿ, ಮತ್ತೆ ಬೀಳುತ್ತಿದೆ.
ಮುಂದೆ ಕ್ಯಾಲೆಂಡರು, ಪೆನ್ಸಿಲ್ಲು,
ಕೆನೆಗಟ್ಟಿದ ನಿನ್ನೆಯ ಕಾಫಿ.

ಫ್ಲಾರಿಡಾಕ್ಕೆ ಕಾರಿನಲ್ಲಿ ಹದಿನಾರು ಗಂಟೆ.
ಕೆಂಟಕಿಯಲ್ಲಿ ಪೆಟ್ರೋಲು, ಟೆನೆಸಿಯಲ್ಲಿ ಉಚ್ಚೆ,
ಜಾರ್ಜಿಯಾದಲ್ಲಿ ಒಂದು ರಾತ್ರಿ,
ಬೆಳಗಿನ ತಿಂಡಿ ಪುಕ್ಕಟೆ ಇರುವ ಕಡೆ.
ಪಾರ್ಕಿನೊಳಗೆ ನೀರಿನ ಬಾಟಲಿಗೆ ಐದು ಡಾಲರ್,
ಹಾಗಾಗಿ ನಲ್ಲಿನೀರು, ಬ್ರೆಡ್ಡು, ಕಡಲೆಬೀಜದ ಬೆಣ್ಣೆ.
ಹಬ್ಬದ ವಾರದ ಎರಡು ಟಿಕೆಟ್ಟಿನ ದುಡ್ಡಿಗೆ
ಹದಿನೇಳರಂದು ಮೂರು ಜನ ಹೋಗಬಹುದು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ.
ಪಾಳಿಗೆ ಎಂಟುನೂರು ಹಾಸಿಗೆಯ ಬಟ್ಟೆ ಒಗೆಯುವವಳಿಗೆ
ಯಾರೂ ಅದನ್ನು ಹೇಳಿಕೊಡಬೇಕಾಗಿಲ್ಲ.

ಈಗ ನಿಜವಾದ ತೊಡಕು:
‘ಗ್ರೇಟ್ ಹೆರನ್’ ಅನ್ನುವ ರೋಲರ್ ಕೋಸ್ಟರಿಗೆ
ನಲವತ್ತನಾಲ್ಕು ಇಂಚು ಎತ್ತರ ಬೇಕು.
ನಮ್ಮ ಕ್ಯಾಸಿಮಿರ್ ನಲವತ್ತಮೂರೂವರೆ.
ದಿನಾ ಬೆಳಿಗ್ಗೆ ಬಾಗಿಲಚೌಕಟ್ಟಿಗೆ ಬೆನ್ನು ಹಚ್ಚಿ
ಉಸಿರು ಕಟ್ಟಿ, ಕಣ್ಣು ಮುಚ್ಚಿ ನಿಲ್ಲುತ್ತಾನೆ,
ಉಸಿರಿನಲ್ಲೇ ಅರ್ಧ ಇಂಚು ಅಡಗಿರುವಂತೆ.
ಹಾಲು ಎರಡು ಲೋಟ ಕುಡಿಯುತ್ತಾನೆ.
ಪೆನ್ಸಿಲ್ ಗೆರೆಗಳು ಒಂದರ ಮೇಲೊಂದು ಬಿದ್ದು ಬಿದ್ದು
ಒಂದೇ ದಪ್ಪ ಗೆರೆಯಾಗಿದೆ.

ಹಾಲಿನಾಗೆ ಹದಿಮೂರು. ಅವಳು ಬರುವುದಿಲ್ಲವಂತೆ.
ಅದೆಲ್ಲ ಮಕ್ಕಳಿಗಂತೆ.
ಮಂಗಳವಾರ ಕ್ರಿಸ್ಮಸ್ ಮಾಡುವವರನ್ನು
ಅವಳು ಎಲ್ಲೂ ಕಂಡಿಲ್ಲವಂತೆ.
ನಾನೂ ಕಂಡಿಲ್ಲ ಅಂದೆ. ಬಾಗಿಲು ಹಾಕಿಕೊಂಡಳು.

ನಿನ್ನೆ ಚಿಕ್ಕವನ ಶೂ ಒಣಗಿಸಲು ಎತ್ತಿದರೆ
ಒಳಗೆ ಸಿರಿಯಲ್ ಡಬ್ಬಿಯ ರಟ್ಟು,
ಪಾದದ ಅಳತೆಗೆ ಕತ್ತರಿಸಿ, ನಾಲ್ಕು ಪದರ ಅಂಟಿಸಿ,
ಅಂಚಿಗೆ ನೀಟಾಗಿ ಟೇಪು ಸುತ್ತಿದ್ದು.
ಆ ಟೇಪಿನ ಸುರುಳಿ ಈ ಮನೆಯಲ್ಲಿ
ಇರುವುದು ಒಬ್ಬಳ ಮೇಜಿನ ಮೇಲೆ ಮಾತ್ರ.

ಸುಮಾರು ಹೊತ್ತು ಶೂ ಹಿಡಿದೇ ನಿಂತಿದ್ದೆ.
ಆಮೇಲೆ ರಟ್ಟು ತೆಗೆದು ಡ್ರಾಯರಿನಲ್ಲಿಟ್ಟೆ.
ಬೆಲ್ಟಿಗೆ ರಟ್ಟಿನ ಮೋಸ ಗೊತ್ತಾಗುವುದಿಲ್ಲ, ಭುಜ ಮಾತ್ರ ಗೊತ್ತು.
ಹದಿನೇಳಕ್ಕೆ ಇನ್ನೂ ಮೂರು ವಾರ ಇದೆ.
ಬೆಳೆಯದಿದ್ದರೆ ನಾನೂ ಅವನೂ
ಕೆಳಗೆ ಬೆಂಚಿನಲ್ಲಿ ಕೂತು ಕೈ ಬೀಸುತ್ತೇವೆ,
ಬರುವುದಿಲ್ಲ ಅಂದವಳು ಮೇಲಿನಿಂದ ಕಿರುಚಲಿ.

ಲಗ್ರಾಂಜ್ ಬೀದಿಯ ಚರ್ಚಿನಲ್ಲಿ
ಒಪ್ವಾಟೆಕ್ ಒಂದು ಲಕೋಟೆ ಕೊಂಡಿದ್ದೇನೆ,
ಕಾಗದದಷ್ಟು ತೆಳ್ಳಗೆ, ಮೇಲೆ ಗೋದಲಿಯ ಅಚ್ಚು.
ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ, ಹತ್ತಿಯ ನಡುವೆ
ಹದಿನಾರು ಗಂಟೆ ಮುರಿಯದೆ ಹೋಗಬೇಕು,
ಅಲ್ಲಿ ನಾವೇ ಮುರಿದು ಹಂಚಿಕೊಳ್ಳುವುದಕ್ಕೆ.
ತಾಳೆಮರಕ್ಕೆ ದೀಪ ಸುತ್ತಿರುತ್ತಾರಂತೆ.
ಗಂಟೆಗೊಮ್ಮೆ ಸೋಪಿನ ನೊರೆಯ ಹಿಮ ಸುರಿಸುತ್ತಾರಂತೆ.
ಸೋಪಿನ ನೊರೆ ನೋಡಲು ಸಾವಿರ ಮೈಲಿ! ಲಾಂಡ್ರಿಯಲ್ಲಿ
ಹೇಳಿದೆ, ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಮ್ಮ ಬಾಬ್ಚಾ, ಅಮ್ಮನ ಅಮ್ಮ,
ಹಬ್ಬದ ಮುನ್ನಾ ರಾತ್ರಿ ಒಂದು ತಟ್ಟೆ ಹೆಚ್ಚಿಗೆ ಇಡುತ್ತಿದ್ದಳು,
ದಾರಿ ತಪ್ಪಿ ಬಂದವರಿಗೆ.
ನನ್ನ ಇಡೀ ಬಾಲ್ಯದಲ್ಲಿ ಯಾರೂ ಬರಲಿಲ್ಲ.
ತಟ್ಟೆಯನ್ನು ಮಾತ್ರ ಪ್ರತಿ ವರ್ಷ ತೊಳೆದಿಡುತ್ತಿದ್ದಳು.

ಫೋನು ಕೇಳುತ್ತಿದೆ: ಎಷ್ಟು ಜನ?
ಮೂರು ಅಂತ ಒತ್ತಿದೆ.
ಹೆರನ್‌ನಲ್ಲಿ ಸಾಲಿಗೆ ನಾಲ್ಕು ಸೀಟು.
ನಾಲ್ಕನೆಯದು ಖಾಲಿಯಿದ್ದರೂ
ಅದಕ್ಕೂ ಬೆಲ್ಟು ಬಿಗಿದು, ಎಳೆದು ನೋಡಿ,
ಆಮೇಲೆಯೇ ಬಿಡುತ್ತಾರಂತೆ.