ಎಡಗಡೆ ಬಾಗಿಲಿನ ಕೆಳಗೆ

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ
ಟೆಂಪೋ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು ಫಿಯೆಟ್ಟು.
ಸ್ಟೇರಿಂಗಿನಲ್ಲಿ ಐರಿನ್ ಮೇಡಂ,
ಎಳೆಸಿಕೊಳ್ಳುವಾಗಲೂ ತಿರುವಿನಲ್ಲಿ
ಕೈ ಹೊರಗೆ ಚಾಚಿ ಸಿಗ್ನಲ್ಲು ಕೊಡುತ್ತ.

ರೊಜಾರಿಯೊ ಡ್ರೈವಿಂಗ್ ಸ್ಕೂಲಿನ ಗಾಡಿ.
ದುರ್ಗಿಗುಡಿಯ ಅರ್ಧ ಹೆಂಗಸರು
ಕ್ಲಚ್ಚು ಬಿಡುವುದನ್ನು ಕಲಿತದ್ದು ಇದರಲ್ಲೇ;
ಅವರ ಒಂದೊಂದು ಭಯಕ್ಕೂ
ಬಂಪರಿನ ಮೇಲೆ ಒಂದೊಂದು ತಗ್ಗು.

"ಎಲ್ಲೆಲ್ಲಿ ಹೋಗಿದೆ ನೋಡು ಮೌನೇಶ."
ನಾನು ನೋಡುವುದಿಲ್ಲ, ಬಡಿದು ಕೇಳುತ್ತೇನೆ.
ಬೆರಳ ಗೆಣ್ಣಿಗೆ ಗಟ್ಟಿ ತಗಡು ಠಣ್ ಅನ್ನುತ್ತದೆ,
ಪುಟ್ಟಿ ತುಂಬಿದ ಜಾಗ
ನೆಗಡಿಯಾದವನ ಹಾಗೆ, ದಬ್.
ಮಡ್‌ಗಾರ್ಡು ದಬ್. ಡಿಕ್ಕಿಯ ಅಂಚು ದಬ್.
ಎಡಗಡೆ ಬಾಗಿಲಿನ ಕೆಳಗೆ ಬಡಿದೆ.
ಏನೂ ಅನ್ನಲಿಲ್ಲ.

ತುಕ್ಕಿಗೆ ಅವಸರವಿಲ್ಲ.
ಒಳಗಿನಿಂದ ತಿನ್ನುತ್ತ ಬಂದು
ಬಣ್ಣವೊಂದನ್ನು ಬಿಟ್ಟಿರುತ್ತದೆ, ಹಪ್ಪಳದ ಹಾಗೆ.
ಚಾಣ ಇಟ್ಟು ಒಂದೇ ಏಟು,
ಅಂಗೈ ಅಗಲದ ನೀಲಿ ಉದುರಿತು.
ನೀಲಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಕೆನೆ,
ಕೆನೆಯ ಕೆಳಗೆ ಕೆಂಪಗೆ
ಸ್ಕೂಲಿನ ಹೆಸರಿನ ಯಾವುದೋ ಒತ್ತಕ್ಷರದ ಬಾಲ.
ಆಮೇಲೆ ಕಾಗದ.

ಕಾಗದ ತುರುಕಿ ಪುಟ್ಟಿ ಬಳಿಯುವವರಿಗೆ
ಜಬೀವುಲ್ಲಾ ಉಸ್ತಾದರು ಬೈಯುತ್ತಿದ್ದ ಬೈಗುಳ
ಮೇಡಂ ಎದುರು ಹೇಳುವಂಥದ್ದಲ್ಲ.
ಯಾವನ ಕೆಲಸವೋ ಇದು ಎಂದು
ಅದನ್ನೇ ಮನಸ್ಸಿನಲ್ಲಿ ಬೈದು
ಇಕ್ಕಳದಲ್ಲಿ ಎಳೆದೆ.

ಎಸ್ಸೆಸ್ಸೆಲ್ಸಿ ಫಲಿತಾಂಶದ ಪುಟ.
ಇರುವೆ ಸಾಲಿನ ಹಾಗೆ ನಂಬರು, ನಂಬರು, ನಂಬರು.

ಎಂಬತ್ತೆಂಟನೇ ಇಸವಿ.
ಉಸ್ತಾದರು ಶೀಟು ತರಲು ಭದ್ರಾವತಿಗೆ ಹೋಗಿದ್ದರು.
ರೊಜಾರಿಯೊ ಸಾಹೇಬರಿಗೆ ಸಂಜೆಗೇ ಗಾಡಿ ಬೇಕು.
ನನಗೆ ಹದಿನಾರು.
ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಪೇಪರು ಕೊಂಡು,
ನೂರ ಅರವತ್ತೆರಡರಿಂದ ನೂರ ಅರವತ್ತೈದಕ್ಕೆ ಜಿಗಿದಲ್ಲಿ
ಬೆರಳಿಟ್ಟು ಎಷ್ಟು ಹೊತ್ತು ನಿಂತಿದ್ದೆನೋ.
ನಡುವೆ ಬಿಟ್ಟುಹೋದವರು ಇಬ್ಬರು:
ನಾನು, ಮತ್ತೆ ಕುಂಸಿಯ ಕಡೆಯ ಒಬ್ಬ ಹುಡುಗಿ.
ಆಕೆಯ ಹೆಸರು ಈಗ ನೆನಪಿಲ್ಲ.

ಮನೆಗೆ ಒಯ್ಯಲಾರದ ಪುಟ.
ಹರಿಯಲೂ ಮನಸ್ಸಾಗಲಿಲ್ಲ,
ಉಳಿದವರೆಲ್ಲ ಪಾಸಾಗಿದ್ದರಲ್ಲ ಅದರಲ್ಲಿ.
ಉಂಡೆ ಮಾಡಿ ತೂತಿಗೆ ತುರುಕಿದೆ, ಪುಟ್ಟಿ ಮೆತ್ತಿದೆ,
ಉಜ್ಜಿದೆ, ಬಣ್ಣ ಹೊಡೆದೆ.
ಅಂಥ ನುಣುಪು ಆಮೇಲೆ ಕೈಗೆ ಬಂದದ್ದು ಕಮ್ಮಿ.
ಸಾಹೇಬರು ಹತ್ತು ರೂಪಾಯಿ ಭಕ್ಷೀಸು ಕೊಟ್ಟರು.

ಈಗ ಬಿಡಿಸಿ ನೋಡಿದರೆ
ನೂರ ಅರವತ್ತರ ಆಚೆಗೆ ಕಾಗದವೇ ಇಲ್ಲ,
ತುಕ್ಕು ಕುಡಿದು ಕಂದು ಅಂಚಿನ ತೂತು.
ನನ್ನ ನಂಬರು ಅಲ್ಲಿತ್ತೆಂದು ಯಾರಾದರೂ ವಾದಿಸಿದರೆ
ಇಲ್ಲವೆನ್ನಲು ಸಾಕ್ಷಿಯಿಲ್ಲ.

ಇಪ್ಪತ್ತು ಗೇಜಿನ ಹೊಸ ಶೀಟು.
ಯಾರದೋ ಲಗ್ನಪತ್ರಿಕೆಯ ಮೇಲೆ ಅಳತೆ ತೆಗೆದು
ಕತ್ತರಿಸಿ, ಮರದ ಕೊಡತಿಯಲ್ಲಿ ಬಾಗಿಸಿದೆ.
ಸತ್ತ ತಗಡಿಗೆ ಬೆಸುಗೆ ಕೂರುವುದಿಲ್ಲ;
ಬೆಳ್ಳಗೆ ಹೊಳೆಯುವ ಕಬ್ಬಿಣ ಸಿಗುವ ತನಕ
ಕೊಯ್ಯುತ್ತಲೇ ಹೋಗಬೇಕು, ಎರಡು ಬೆರಳು ಹೆಚ್ಚಾದರೂ ಸರಿ.
ಒಂದು ಚುಕ್ಕಿ ಇಲ್ಲಿ, ಒಂದು ಚುಕ್ಕಿ ದೂರದಲ್ಲಿ,
ಒಂದೇ ಕಡೆ ಕಾಯಿಸಿದರೆ ತಗಡು ಮುನಿಸಿಕೊಳ್ಳುತ್ತದೆ.
ಒಳಮೈಗೆ, ಯಾರೂ ಬಗ್ಗಿ ನೋಡದ ಕಡೆ,
ಎರಡು ಕೈ ರೆಡ್ ಆಕ್ಸೈಡು.

ಬಿಲ್ಲು ನೋಡಿ ಮೇಡಂ ಕನ್ನಡಕ ಏರಿಸಿದರು.
"ಎಡಗಡೆದಕ್ಕೆ ಕೂಲಿ ಹಾಕಿಲ್ಲವಲ್ಲ?"
"ಅದು ಹಳೆ ಬಾಕಿ, ಮೇಡಂ."
"ನಂದಾ, ನಿಂದಾ?"
ಕೊಡತಿ ಹುಡುಕುವ ನೆಪದಲ್ಲಿ
ನಾನು ಗಾಡಿಯ ಕೆಳಗೆ ಹೋದೆ.

ಹತ್ತುವ ಮುಂಚೆ ಅವರು ಬಗ್ಗಿ,
ಗೆಣ್ಣಿನಿಂದ ಒಮ್ಮೆ ಬಡಿದು ಕೇಳಿದರು.
ಠಣ್.
ಆಮೇಲೆ ಕೈ ಹೊರಗೆ ಚಾಚಿ, ಬಲಕ್ಕೆ.

ಪುಟ ಎಸೆದಿಲ್ಲ.
ಟೂಲ್ ಬಾಕ್ಸಿನ ತಳಕ್ಕೆ ಹಾಸಿದ್ದೇನೆ,
ಸ್ಪಾನರುಗಳ ಎಣ್ಣೆ ಹೀರುವುದಕ್ಕೆ
ಒಂದು ಕಾಗದ ಬೇಕೇ ಬೇಕು.