ಅಕ್ಷರಕ್ಕೆ ಹತ್ತು ರೂಪಾಯಿ

ಅಕ್ಷರಕ್ಕೆ ಹತ್ತು, ಒತ್ತಿಗೆ ಬೇರೆ ಐದು.
ಮಂಡ್ಯದ ನೂರಡಿ ರಸ್ತೆಯಲ್ಲಿ
ಪಂಕ್ಚರ್ ಅಂಗಡಿ ಪಕ್ಕ, ಮೆಟ್ಟಿಲ ಕೆಳಗೆ
ನನ್ನ ರೇಡಿಯಂ ಅಂಗಡಿ. ನಿಂತರೆ ತಲೆ ತಾಗುತ್ತದೆ,
ಹಾಗಾಗಿ ಹದಿನೆಂಟು ವರ್ಷದಿಂದ ಕೂತಿದ್ದೇನೆ.
ನನ್ನ ಮೊಪೆಡ್ಡಿನ ಮೇಲೆ ಏನು ಬರೆಸಿದ್ದೀಯ ಅಂತ ಕೇಳಬೇಡಿ.
ನಂಬರು.

ಹುಡುಗರು ಬರುತ್ತಾರೆ.
ಒಬ್ಬನಿಗೆ ಗಾಡಿಯೆಲ್ಲ ಮ್ಯಾಟ್ ಕಪ್ಪು, ರಿಮ್ಮಿಗೆ ಮಾತ್ರ ಗಿಣಿಹಸಿರು.
ಒಬ್ಬನಿಗೆ ಸೈಲೆನ್ಸರ್ ಬಾಯಿ ಅಗಲ ಮಾಡಿಸಿ
ಬೀದಿಯ ನಾಯಿಗಳನ್ನೆಲ್ಲ ಎಬ್ಬಿಸಬೇಕು.
"ಅಣ್ಣ, ಇಂಥದ್ದು ಇನ್ಯಾರ ತಾವೂ ಇರ್ಬಾರ್ದು" ಅನ್ನುತ್ತಾರೆ,
ಅನ್ನುತ್ತಲೇ ಮೊಬೈಲಿನಲ್ಲಿ ಇನ್ನೊಬ್ಬನ ಗಾಡಿ ತೋರಿಸುತ್ತಾರೆ.
ನಾನು ನಗುವುದಿಲ್ಲ. ನಕ್ಕರೆ ಬ್ಲೇಡು ಅಲ್ಲಾಡುತ್ತದೆ.

ಬಸ್ ಸ್ಟ್ಯಾಂಡ್ ಕಡೆ ಕಟಿಂಗ್ ಮಿಷನ್ನು ತಂದವರಿದ್ದಾರೆ;
ಅದಕ್ಕೆ ಇಂಗ್ಲಿಷು ಸಲೀಸು, ಕನ್ನಡದ ಒತ್ತು ಕೊಟ್ಟರೆ
ಎಮ್ಮೆ ಕೆಸರಲ್ಲಿ ಕಾಲಿಟ್ಟ ಹಾಗೆ.
ಈ ಗಾಡಿಗಳೋ ಮೈಯೆಲ್ಲ ಚೂಪು,
ಹಾರುವ ಮುಂಚೆ ಕೂತ ಮಿಡತೆ.
ನಮ್ಮ ಅಕ್ಷರಕ್ಕೆ ಮೂಲೆಯೇ ಇಲ್ಲ.
ಬ್ಲೇಡು ಎತ್ತದೆ ಹಾಳೆಯನ್ನೇ ತಿರುಗಿಸಬೇಕು,
ರೊಟ್ಟಿ ತಟ್ಟುವವಳು ತಿರುಗಿಸಿದ ಹಾಗೆ.

ಬಿಂದುಶ್ರೀ ಬಂದದ್ದು ಕಬ್ಬು ಅರೆಯುವ ಕಾಲದಲ್ಲಿ,
ಕಾರ್ಖಾನೆಯ ಬೂದಿ ಹೆಲ್ಮೆಟ್ಟಿನ ಮೇಲೆ ಕೂತಿತ್ತು.
ಸ್ಕೂಲಿನಲ್ಲಿ ಪೀಟಿ ಮೇಡಂ, ಕಬಡ್ಡಿಯಲ್ಲಿ ರೈಡರ್,
ಬಲ ಮೊಣಕಾಲಿಗೆ ಯಾವಾಗಲೂ ಕ್ಯಾಪು.
ಸೆಕೆಂಡ್ ಹ್ಯಾಂಡ್ ಆರ್ ಒನ್ ಫೈವ್, ನೀಲಿ.
ಸೀಟು ಒಂದೂವರೆ ಇಂಚು ಕೊಯ್ಯಿಸಿದ್ದಳು, ಕಾಲು ನೆಲಕ್ಕೆ ಎಟುಕಲಿ ಅಂತ;
ಹ್ಯಾಂಡಲ್ ಎರಡು ಬೆರಳು ಎತ್ತರ, ಮುರಿದು ಕೂಡಿದ ಮಣಿಕಟ್ಟಿಗೆ;
ಕ್ಲಚ್ಚಿನ ಲಿವರು ಗಿಡ್ಡ, ಅವಳ ಬೆರಳಿನಳತೆ.
ಟೈಲರ್ ಹತ್ತಿರ ರವಿಕೆ ಹಿಡಿಸಿದಂತೆ ಹಿಡಿಸಿದ್ದಳು ಗಾಡಿಯನ್ನು.
ಬಾಕಿ ಇದ್ದದ್ದು ಒಂದೇ: ಟ್ಯಾಂಕಿನ ಬಲಗಡೆ
ಕೆರಗೋಡಿನ ಹಳೇ ಓನರು ಅಂಟಿಸಿದ್ದ 'ಚಿನ್ನು'.

ನಾನೇ ಕತ್ತರಿಸಿದ್ದು. ನಕಾರದ ಕೊಂಬು ನೋಡಿದರೆ ಗೊತ್ತಾಗುತ್ತದೆ.
ಎರಡಕ್ಷರ, ಒಂದು ಒತ್ತು, ಇಪ್ಪತ್ತೈದು.
ಯಾರು ಚಿನ್ನು ಅಂತ ಆಗ ಕೇಳಿರಲಿಲ್ಲ.
ಹುಡುಗಿಯೋ, ಹಸುವೋ, ಅಕ್ಕನ ಮಗುವೋ.

"ತೆಗೀರಿ ಇದ್ನ."
ಬಿಸಿಗಾಳಿ ಹಿಡಿದೆ, ಸೀಮೆಎಣ್ಣೆ ಒರೆಸಿದೆ,
ಹಾವಿನ ಪೊರೆಯಂತೆ ಬಂತು.
ಬಂತು, ಆದರೆ ಹೋಗಲಿಲ್ಲ:
ಐದು ವರ್ಷದ ಬಿಸಿಲಿಗೆ ಸುತ್ತಲ ನೀಲಿ ಸೊರಗಿ,
ಅಕ್ಷರದ ಕೆಳಗಿನ ನೀಲಿ ಮಾತ್ರ
ಶೋರೂಮಿನಿಂದ ಈಗಷ್ಟೇ ಇಳಿದಂತಿತ್ತು.
ಮುಂಚೆಗಿಂತ ಚೆನ್ನಾಗಿ ಓದಬಹುದಿತ್ತು.

"ಉಜ್ಜಿ ಪೇಂಟ್ ಹೊಡೆದ್ರೆ ನಾಕೂವರೆ ಸಾವಿರ," ಅಂದೆ,
"ಇಲ್ಲಾಂದ್ರೆ ಮೇಲೊಂದು ಹುಲಿ ಅಂಟಿಸ್ತೀನಿ."
ಅವಳು ಬೆರಳಾಡಿಸಿ ಅದರ ಮೇಲೆಯೇ ಬರೆದಳು,
ಒಂದನೇ ಕ್ಲಾಸಿನವರು ತಿದ್ದಿದ ಹಾಗೆ.
"ಬುಡಿ ಅಣ್ಣ, ಯಾರೋ ಪಾಪ. ಬಿಸ್ಲಲ್ಲಿ ನಿಲ್ಸ್ತೀನಿ,
ಅದೂ ಇದೂ ಒಂದೇ ಬಣ್ಣ ಆಯ್ತದೆ."

ಆಮೇಲೆ ಚೀಟಿಯಲ್ಲಿ ಒಂದು ಪದ ಬರೆದುಕೊಟ್ಟಳು.
ಮೀಟರಿನ ಮೇಲೆ, ಗಾಜಿನ ಮರೆಯಲ್ಲಿ ಅಂಟಿಸಬೇಕು,
ಬಗ್ಗಿ ಓಡಿಸುವಾಗ ಅವಳ ಕಣ್ಣಿಗಷ್ಟೇ ಬೀಳುವಂತೆ.
ಮೂರಕ್ಷರ, ಒಂದು ಒತ್ತು. ಮೂವತ್ತೈದು ಇಸಕೊಂಡೆ.
ಏನು ಪದ ಅಂತ ಹೇಳುವುದಿಲ್ಲ;
ಕತ್ತರಿಸುವುದಕ್ಕೆ ದುಡ್ಡು ತಗೊಂಡದ್ದು, ಹೇಳುವುದಕ್ಕಲ್ಲ.

ಎರಡು ಬೇಸಿಗೆ ಕಳೆದವು.
ಮೊನ್ನೆ ಕಬ್ಬಿನ ಲಾರಿ ಸಾಲಿನಲ್ಲಿ ಸಿಕ್ಕಿಕೊಂಡು
ನನ್ನ ಎಡಕ್ಕೇ ನಿಂತಿದ್ದಳು, ನನ್ನನ್ನು ನೋಡಲಿಲ್ಲ.
ಬಿಸಿಲು ಅರ್ಧ ತಿಂದಿದೆ,
ಉಳಿದದ್ದನ್ನು ಕ್ಯಾಪು ಹಾಕಿದ ಆ ಮೊಣಕಾಲು ಉಜ್ಜಿದೆ.
'ಚಿ' ಹೋಗಿದೆ.
'ನ್ನು' ಇದೆ.

ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದ್ದರು:
ಪ್ರಥಮಾ ಉ, ದ್ವಿತೀಯಾ ಅನ್ನು...
ಯಾರನ್ನು, ಏನನ್ನು ಅಂತ
ಕೇಳೋಣ ಅನ್ನುವಷ್ಟರಲ್ಲಿ ಲಾರಿ ಒಂದು ಮಾರು ಸರಿಯಿತು,
ಅವಳು ಆ ಸಂದಿಯಲ್ಲಿ ನುಗ್ಗಿದಳು.